ಬ್ಯಾಟರಿ ಹೊಸದು, ಆಲ್ಟರ್ನೇಟರ್ ಹೊಸದು, ಕಾಟ ಮಾತ್ರ ಹಳೆಯದು

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 2,40,000 ಕಿಲೋಮೀಟರ್ ಓಡಿದೆ. ಎಂಜಿನ್ ಚೆನ್ನಾಗಿದೆ. ಆದರೆ ಒಂದೂವರೆ ವರ್ಷದಿಂದ ಕರೆಂಟಿನ ಕಾಟ ತಪ್ಪಿಲ್ಲ. ಕೆಲವು ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಕಟ್’ ಎಂದು ಒಂದು ಸದ್ದು, ಅಷ್ಟೇ. ಬ್ಯಾಟರಿ ಎರಡು ಸಲ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಒಂದು ಸಲ ಬದಲಾಯಿಸಿದ್ದಾಯಿತು. ಬ್ರೇಕ್ ಒತ್ತಿದರೆ ಎಡಗಡೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ಡ್ರೈವರ್ ಬಾಗಿಲಿನ ಗ್ಲಾಸ್ ಮನಸ್ಸು ಬಂದಾಗ ಮಾತ್ರ ಇಳಿಯುತ್ತದೆ. ಸ್ಕ್ಯಾನರ್ ಹಾಕಿದರೆ ಏಳೆಂಟು ದೋಷದ ಕೋಡ್ ಬರುತ್ತವೆ, ಅಳಿಸಿದರೆ ಕೆಲವು ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಈಗ ಮೆಕ್ಯಾನಿಕ್ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಬದಲಾಯಿಸೋಣ ಎನ್ನುತ್ತಿದ್ದಾರೆ. ಬದಲಾಯಿಸಲಾ, ಅಥವಾ ಗಾಡಿಯನ್ನೇ ಮಾರಿಬಿಡಲಾ?

ಉತ್ತರ: ಇಸಿಯುವನ್ನು ಸದ್ಯಕ್ಕೆ ಮುಟ್ಟಬೇಡಿ. ಮಾರುವ ಯೋಚನೆಯನ್ನೂ ಸ್ವಲ್ಪ ಮುಂದಕ್ಕೆ ಹಾಕಿ.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿಯುವುದಕ್ಕೂ ಎಂಜಿನ್ ಇಸಿಯುಗೂ ಏನೂ ಸಂಬಂಧ ಇಲ್ಲ. ಬಾಗಿಲಿನ ಗ್ಲಾಸಿಗೂ ಇಲ್ಲ. ನಿಮ್ಮ ನಾಲ್ಕು ದೂರಿಗೆ ಒಂದೇ ಕಾರಣ ಇರಬೇಕಾಗಿಲ್ಲ, ಹಾಗಂತ ನಾಲ್ಕು ಕಾರಣವೂ ಇರಲಾರದು. ಎರಡೋ ಮೂರೋ ಇರಬಹುದು ಅಂತ ನನ್ನ ಅಂದಾಜು. ಅಷ್ಟೂ ವೈರ್, ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್), ಅರ್ತ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ಜೋಡಣೆ) ಇವುಗಳಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಇಷ್ಟು ಓಡಿದ ಗಾಡಿಯಲ್ಲಿ ತಾಮ್ರ ಸವೆಯುವುದಿಲ್ಲ, ತಾಮ್ರ ಸೇರುವ ಜಾಗಗಳು ಸವೆಯುತ್ತವೆ. ಎಂಜಿನ್ನಿನ ಬಿಸಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಗಡುಸಾಗಿ ಬಿರುಕು ಬಿಡುತ್ತದೆ. ಅದುರಿ ಅದುರಿ ಬೋಲ್ಟ್ ಸಡಿಲವಾಗುತ್ತದೆ. ನೀರು ಹೊಕ್ಕ ಕಡೆ ಹಸಿರು ಪುಡಿ ಕಟ್ಟುತ್ತದೆ. ಬ್ಯಾಟರಿಯ ಆಸಿಡ್ ಆವಿ ಟರ್ಮಿನಲ್ಲನ್ನು ತಿನ್ನುತ್ತದೆ. ಇದರಲ್ಲಿ ಯಾವುದೂ ಒಂದೇ ದಿನದಲ್ಲಿ ಆಗುವುದಿಲ್ಲ. ಅದಕ್ಕೇ ತೊಂದರೆ ಬಂದು ಹೋಗಿ ಮಾಡುತ್ತದೆ. ಹೊಸ ಬ್ಯಾಟರಿ ಹಾಕುವಾಗ ಟರ್ಮಿನಲ್ ಬಿಚ್ಚಿ, ಒರೆಸಿ, ಬಿಗಿ ಮಾಡುತ್ತಾರೆ ಅಲ್ವಾ? ಅಷ್ಟಕ್ಕೇ ಕೆಲವು ವಾರ ಗಾಡಿ ಸರಿಯಾಗುತ್ತದೆ. ಹೆಸರು ಹೊಸ ಬ್ಯಾಟರಿಗೆ ಹೋಗುತ್ತದೆ!

ಮೀಟರ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ಗಾಡಿ ಕೈಕೊಟ್ಟಾಗಲೆಲ್ಲ ಫೋನಿನಲ್ಲಿ ನಾಲ್ಕು ಮಾತು ಬರೆದಿಟ್ಟುಕೊಳ್ಳಿ. ಎಂಜಿನ್ ತಣ್ಣಗಿತ್ತಾ ಬಿಸಿಯಿತ್ತಾ, ಮಳೆ ಬಂದಿತ್ತಾ, ಗಾಡಿ ಎಷ್ಟು ಹೊತ್ತು ನಿಂತಿತ್ತು, ಆಗ ಹೆಡ್‌ಲೈಟ್, ಎಸಿ, ವೈಪರ್ ಯಾವುದು ಚಾಲೂ ಇತ್ತು. ಮಳೆಯಲ್ಲಿ ಮಾತ್ರ ಬಂದರೆ ನೀರು ನುಗ್ಗುವ ಕಪ್ಲರ್ ಹುಡುಕಬೇಕು. ಬಿಸಿಯಾದ ಮೇಲೆ ಬಂದರೆ ಎಂಜಿನ್ ಪಕ್ಕದ ಸೆನ್ಸರ್, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಸೆಲ್ಫ್ ಮೋಟರ್ ನೋಡಬೇಕು. ರಾತ್ರಿ ನಿಂತ ಮೇಲೆ ಬಂದರೆ ಕರೆಂಟ್ ಎಲ್ಲೋ ಸೋರುತ್ತಿರಬಹುದು. ಈ ಪಟ್ಟಿ ಇಲ್ಲದೆ ವರ್ಕ್‌ಶಾಪಿಗೆ ಹೋದರೆ, ಅಲ್ಲಿ ಗಾಡಿ ಸುಮ್ನೆ ಸ್ಟಾರ್ಟ್ ಆಗುತ್ತದೆ, ಅವರು ತೋಚಿದ ಪಾರ್ಟ್ ಬದಲಾಯಿಸುತ್ತಾರೆ.

ಇನ್ನು ಅಳತೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ಫುಲ್ ಚಾರ್ಜ್. 12.2 ಇದ್ದರೆ ಹೆಚ್ಚು ಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ. ಓಡಿಸಿ ಬಂದ ಕೂಡಲೇ ಅಳೆಯಬೇಡಿ, ಆಗ ಸುಳ್ಳು ಹೇಳುತ್ತದೆ.

ಆಮೇಲೆ ಮೀಟರನ್ನು ಬ್ಯಾಟರಿ ಮೇಲೇ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ‘ಕಟ್’ ಎಂದು ನಿಲ್ಲುವ ಹೊತ್ತಿನಲ್ಲಿ ಏನು ತೋರಿಸುತ್ತದೆ ಅನ್ನುವುದೇ ಇಡೀ ತಪಾಸಣೆಯ ಕವಲುದಾರಿ. 8 ಅಥವಾ 9 ವೋಲ್ಟಿಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ವಿಪರೀತ ಕರೆಂಟ್ ಎಳೆಯುತ್ತಿದೆ. ಆದರೆ 12.3, 12.4ರಲ್ಲೇ ನಿಂತಿದ್ದೂ ಮೋಟರ್ ತಿರುಗದಿದ್ದರೆ ಬ್ಯಾಟರಿ ತಪ್ಪಲ್ಲ. ಬ್ಯಾಟರಿ ಕೊಡಲು ರೆಡಿ ಇದೆ, ಕರೆಂಟ್ ಹೋಗಲು ದಾರಿ ಇಲ್ಲ. ಎರಡು ಬ್ಯಾಟರಿ ಬದಲಾಯಿಸುವ ಮೊದಲು ಯಾರಾದರೂ ಇದೊಂದನ್ನು ನೋಡಬೇಕಿತ್ತು.

ದಾರಿ ಎಲ್ಲಿ ಕಟ್ಟಿದೆ ಅಂತ ಕಂಡುಹಿಡಿಯುವುದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಅಂತ ಒಂದಿದೆ. ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ನೋಡುವುದು. ಹಳೆಯ ಗಾಡಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಎನ್ನುವವನು ನಾನು. ಬಹಳ ಜನ ಇದರ ಬದಲು ಮೀಟರನ್ನು ಓಮ್ಸ್‌ಗೆ (ತಡೆ ಅಳೆಯುವ ಕಡೆಗೆ) ತಿರುಗಿಸಿ, ವೈರಿನ ಎರಡು ತುದಿಗೆ ಹಚ್ಚಿ, ‘ಬೀಪ್’ ಬಂತು, ವೈರ್ ಸರಿಯಿದೆ ಎನ್ನುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. ಸೆಲ್ಫ್ ಹೊಡೆದಾಗ 200 ಆಂಪಿಯರ್ ಹರಿಯುತ್ತದೆ ಅಂದುಕೊಳ್ಳಿ. ಅರ್ತ್ ಜೋಡಣೆಯಲ್ಲಿ ಬರೀ 0.005 ಓಮ್ ತಡೆ ಇದ್ದರೂ ಅಲ್ಲಿ 1 ವೋಲ್ಟ್ ಹೋಗಿಬಿಡುತ್ತದೆ. ನಿಮ್ಮ ಮೀಟರಿನ ವೈರುಗಳಲ್ಲೇ ಅದಕ್ಕಿಂತ ಹತ್ತಾರು ಪಟ್ಟು ತಡೆ ಇರುತ್ತದೆ. ಇಷ್ಟು ಸಣ್ಣದನ್ನು ಓಮ್ಸ್‌ನಲ್ಲಿ ಹಿಡಿಯುವುದು ಹೇಗೆ? ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ‘ಬೀಪ್’ ಬರುತ್ತದೆ. ಭಾರ ಬಿದ್ದಾಗ ಮಾತ್ರ ನಿಜ ಗೊತ್ತಾಗುವುದು.

ಮಾಡುವ ರೀತಿ ಹೀಗೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಯೆಲ್ ಪಂಪಿನ ರಿಲೇ ತೆಗೆದಿಡಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಮೀಟರಿನ ಕಪ್ಪು ವೈರಿನ ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ. ಮೇಲಿನ ಕ್ಲಾಂಪಿಗಲ್ಲ, ಒಳಗಿನ ಸೀಸದ ಕಂಬಕ್ಕೆ. ಕೆಂಪು ಮುಳ್ಳನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ, ಕ್ಲೀನಾದ ಲೋಹಕ್ಕೆ ಒತ್ತಿ. ಈಗ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಸಿ. 0.2 ವೋಲ್ಟ್‌ವರೆಗೆ ಬಂದರೆ ಸರಿ, 0.3 ಬಂದರೂ ಒಪ್ಪಬಹುದು. 0.8 ಅಥವಾ 1 ಬಂದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ.

ಈಗ ಕಪ್ಪು ಮುಳ್ಳನ್ನು ಅಲ್ಲೇ ಬಿಟ್ಟು ಕೆಂಪನ್ನು ಹಂತ ಹಂತವಾಗಿ ಹತ್ತಿರ ತನ್ನಿ. ಮೊದಲು ಎಂಜಿನ್ನಿಗೆ ಬಂದ ಅರ್ತ್ ವೈರಿನ ರಿಂಗ್, ಆಮೇಲೆ ಆ ವೈರ್ ಬಾಡಿಗೆ ಸೇರುವ ಬೋಲ್ಟ್, ಕೊನೆಗೆ ಬ್ಯಾಟರಿಯ ಕ್ಲಾಂಪ್. ಪ್ರತಿ ಸಲ ಸೆಲ್ಫ್ ಹೊಡೆಸಿ. ಎರಡು ಜಾಗದ ನಡುವೆ ಎಲ್ಲಿ ಅಂಕಿ ಧಡಕ್ಕನೆ ಇಳಿಯಿತೋ ತಡೆ ಅಲ್ಲೇ. ರಿಂಗ್ ಮತ್ತು ಬ್ಲಾಕ್ ನಡುವೆ ಇಳಿದರೆ ಬೋಲ್ಟಿನ ಕೆಳಗೆ ತುಕ್ಕು. ಕಂಬ ಮತ್ತು ಕ್ಲಾಂಪ್ ನಡುವೆಯೇ ಅರ್ಧ ವೋಲ್ಟ್ ಸಿಕ್ಕರೆ, ಹೊರಗಿನಿಂದ ಫಳಫಳ ಹೊಳೆಯುವ ಕ್ಲಾಂಪಿನ ಒಳಮೈ ಕಪ್ಪಾಗಿರುತ್ತದೆ. ಪಾಸಿಟಿವ್ ಕಡೆಯೂ ಹೀಗೇ: ಕೆಂಪು ಮುಳ್ಳು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಕಪ್ಪು ಮುಳ್ಳು ಸೆಲ್ಫ್ ಮೋಟರಿನ ದಪ್ಪ ವೈರಿನ ಬೋಲ್ಟಿಗೆ. ಅರ್ಧ ವೋಲ್ಟ್ ದಾಟಬಾರದು. ಫ್ಯಾನು, ಬೆಲ್ಟುಗಳಿಂದ ಕೈ ದೂರವಿರಲಿ, ತೋಳಿನ ಬಟ್ಟೆ ಮಡಚಿಕೊಳ್ಳಿ.

ಇಷ್ಟು ತಾಳ್ಮೆ ಇಲ್ಲ ಅಂದರೆ ಒಂದು ಅಡ್ಡದಾರಿ ಇದೆ. ಗಾಡಿ ‘ಕಟ್’ ಎಂದಾಗ ಜಂಪರ್ ಕೇಬಲ್ ಒಂದನ್ನು ತೆಗೆದುಕೊಂಡು ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್ನಿನ ದಪ್ಪ ಲೋಹಕ್ಕೆ ಕಚ್ಚಿಸಿ. ತಕ್ಷಣ ಚೆನ್ನಾಗಿ ತಿರುಗಿತಾ? ಹಾಗಾದರೆ ಎಂಜಿನ್ ಅರ್ತ್ ಹೋಗಿದೆ. ಎಂಜಿನ್ ಮತ್ತು ಬಾಡಿ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ಎಂಜಿನ್ ಅಲುಗಾಡಿದಂತೆಲ್ಲ ಅದೂ ಬಾಗುತ್ತದೆ. ವರ್ಷಗಳು ಕಳೆದಂತೆ ಎಳೆ ಎಳೆಯಾಗಿ ತುಂಡಾಗುತ್ತದೆ, ಇಲ್ಲವೇ ಎಣ್ಣೆ ಕೆಸರು ಮೆತ್ತಿಕೊಂಡು ಕೊಳೆಯುತ್ತದೆ. ಅದು ಹೋದರೆ ಕರೆಂಟ್ ಸುಮ್ಮನೆ ಕೂರುವುದಿಲ್ಲ, ಸಿಕ್ಕಿದ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್ ಮೂಲಕವೂ ಹರಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಅಂಥ ಕೇಬಲ್ ಬಿಸಿಯಾಗಿದ್ದರೆ ಬೇರೆ ಸಾಕ್ಷಿ ಬೇಡ.

ಎರಡೂ ಕಡೆ ಡ್ರಾಪ್ ಇಲ್ಲ, ಆದರೂ ‘ಕಟ್’ ಅಷ್ಟೇ ಅಂದರೆ ಸೆಲ್ಫ್ ಮೋಟರನ್ನೇ ಬಿಚ್ಚಿಸಬೇಕು. ಇಷ್ಟು ಓಡಿದ ಮೇಲೆ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್, ಕಾರ್ಬನ್ ಬ್ರಶ್ ಸವೆದಿರುವುದು ಸಹಜ. ಅದಕ್ಕೂ ಮೊದಲು ಸೊಲೆನಾಯ್ಡಿನ ಸಣ್ಣ ವೈರಿಗೆ ಕೀ ತಿರುಗಿಸಿದಾಗ 10 ವೋಲ್ಟಿಗಿಂತ ಜಾಸ್ತಿ ಬರುತ್ತಿದೆಯಾ ನೋಡಿ. ಬರದಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ರಿಲೇ ಕಡೆಗೆ ಹೋಗಬೇಕು.

ಈಗ ಇಂಡಿಕೇಟರ್. ಇದು ನಿಮ್ಮ ದೂರುಗಳಲ್ಲಿ ಅತಿ ಸುಲಭದ್ದು. ಹಿಂದಿನ ಲೈಟಿನ ಡಬ್ಬಿಯಲ್ಲಿರುವ ಬಲ್ಬುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ತ್. ಆ ಅರ್ತ್ ಕೈಕೊಟ್ಟರೆ ಬ್ರೇಕ್ ಬಲ್ಬಿಗೆ ಬಂದ ಕರೆಂಟ್ ಹೊರಹೋಗಲು ದಾರಿ ಇಲ್ಲದೆ ಪಕ್ಕದ ಇಂಡಿಕೇಟರ್ ಬಲ್ಬಿನ ಒಳಗಿಂದ ಹಿಂದಕ್ಕೆ ನುಗ್ಗುತ್ತದೆ. ಅದೇ ವೈರ್ ಹಿಡಿದು ಮುಂದಿನ ಇಂಡಿಕೇಟರ್ ಬಲ್ಬಿನವರೆಗೆ ಹೋಗಿ ಅಲ್ಲಿನ ಅರ್ತ್ ಸೇರುತ್ತದೆ. ದಾರಿಯಲ್ಲಿ ಎರಡು ಮೂರು ಬಲ್ಬು ಸಿಕ್ಕಿದ್ದರಿಂದ ಎಲ್ಲವೂ ಮಂಕು. ಡಬ್ಬಿ ಬಿಚ್ಚಿ, ಬಲ್ಬು ಹೋಲ್ಡರಿನ ಕಪ್ಲರಿನಲ್ಲಿ ಅರ್ತ್ ಪಿನ್ ನೋಡಿ. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದಂತಿದ್ದರೆ ಆ ಪಿನ್ ಬಿಸಿಯಾಗಿ ಸಡಿಲಗೊಂಡಿದೆ. ಉಜ್ಜಿದರೆ ಸಾಲದು, ಪಿನ್ ಬದಲಾಯಿಸಬೇಕು. ಪಿನ್ ಸರಿಯಿದ್ದರೆ ಅದೇ ವೈರ್ ಡಿಕ್ಕಿಯ ಒಳಗೆ ಬಾಡಿಗೆ ಸೇರುವ ಬೋಲ್ಟ್ ಹುಡುಕಿ.

ಡ್ರೈವರ್ ಬಾಗಿಲಿನ ಗ್ಲಾಸಿಗೆ ಮೋಟರ್ ಬದಲಾಯಿಸುವ ಮೊದಲು ಬಾಗಿಲು ಮತ್ತು ಬಾಡಿಯ ಕಂಬದ ನಡುವಿನ ರಬ್ಬರ್ ಕೊಳವೆ ನೋಡಿ. ಅದರೊಳಗಿನ ವೈರುಗಳು ಬಾಗಿಲು ತೆಗೆದು ಹಾಕಿದಾಗಲೆಲ್ಲ ಒಂದೇ ಜಾಗದಲ್ಲಿ ಬಾಗಿವೆ, ಅದೂ ಎಲ್ಲಕ್ಕಿಂತ ಹೆಚ್ಚು ಬಳಸುವ ಬಾಗಿಲಿನಲ್ಲಿ. ಗ್ಲಾಸಿನ ಸ್ವಿಚ್ ಒತ್ತಿ ಹಿಡಿದು ಬಾಗಿಲನ್ನು ನಿಧಾನ ತೆರೆಯುತ್ತಾ ಮುಚ್ಚುತ್ತಾ ಬನ್ನಿ. ಯಾವುದೋ ಒಂದು ಕೋನದಲ್ಲಿ ಗ್ಲಾಸ್ ಅಲುಗಿದರೆ ವೈರ್ ಅಲ್ಲೇ ತುಂಡಾಗಿದೆ. ರಬ್ಬರ್ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ಒಳಗೆ ತಾಮ್ರ ಇದ್ದ ವೈರ್ ಗಟ್ಟಿಯಾಗಿ ನಿಲ್ಲುತ್ತದೆ. ತುಂಡಾದದ್ದು ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ. ಹಿಂಬಾಗಿಲು ಮೇಲೆತ್ತುವ ಗಾಡಿಗಳಲ್ಲಿ ಅಲ್ಲಿನ ಕೊಳವೆಯದ್ದೂ ಇದೇ ಪಾಡು. ನಂಬರ್ ಪ್ಲೇಟ್ ಲೈಟ್, ಹಿಂದಿನ ವೈಪರ್ ಒಟ್ಟಿಗೆ ಹೋದರೆ ಅಲ್ಲೇ ನೋಡಬೇಕು.

ಬೆಳಗಿನ ತೊಂದರೆಗೆ ಇನ್ನೊಂದು ಸಾಧ್ಯತೆ ರಾತ್ರಿ ಸೋರುವ ಕರೆಂಟ್. ನಿಂತ ಗಾಡಿ ಗಡಿಯಾರ, ಅಲಾರಂ, ಮೆಮೊರಿಗಾಗಿ ಸ್ವಲ್ಪ ಕರೆಂಟ್ ಎಳೆಯುವುದು ಸಹಜ. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್. ಅದೇ 300 ಆದರೆ ದಿನಕ್ಕೆ 7.2. 60 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದಲ್ಲಿ ಅರ್ಧ ಖಾಲಿ. ಅಳೆಯುವಾಗ ಜನ ಅವಸರ ಪಡುತ್ತಾರೆ. ಗಾಡಿಯ ಕಂಪ್ಯೂಟರುಗಳು ಮಲಗಲು 20 ನಿಮಿಷದಿಂದ ಒಂದು ತಾಸು ಬೇಕು. ಬಾನೆಟ್ ತೆರೆದು, ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಹಾಗೆ ಮಾಡಿ, ಕೀ ದೂರ ಇಟ್ಟು ಕಾಯಿರಿ. ಆಮೇಲೆ ಫ್ಯೂಸುಗಳನ್ನು ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ್ದು ಎದ್ದು ಕೂರುತ್ತದೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಇವೆಯಲ್ಲ, ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅವೆರಡನ್ನು ಮುಟ್ಟಿ. ಸೊನ್ನೆ ಇದ್ದರೆ ಆ ಫ್ಯೂಸಿನಲ್ಲಿ ಕರೆಂಟ್ ಇಲ್ಲ. ಸೊನ್ನೆ ಅಲ್ಲದ ಫ್ಯೂಸುಗಳನ್ನು ಗುರುತು ಮಾಡಿ, ಅಂಕಿ ದೊಡ್ಡದಿರುವ ಕಡೆಯಿಂದ ಹುಡುಕಲು ಶುರು ಮಾಡಿ. ಡಿಕ್ಕಿಯ ಆರದ ಲೈಟು, ಅಂಟಿಕೊಂಡ ರಿಲೇ, ಹೊರಗಿನಿಂದ ಹಾಕಿಸಿದ ಸ್ಟೀರಿಯೊ ಇವೇ ಹೆಚ್ಚಾಗಿ ಸಿಕ್ಕಿಬೀಳುವವು. ಮೀಟರನ್ನು ಆಂಪಿಯರಿನಲ್ಲಿ ಬ್ಯಾಟರಿಗೆ ಸೇರಿಸಿ ಅಳೆಯುವುದಾದರೆ ಆಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ.

ಆಲ್ಟರ್ನೇಟರ್ ಹೊಸದು ಎಂದು ಬಿಡಬೇಡಿ. ಎಂಜಿನ್ ಸ್ವಲ್ಪ ರೇಸ್ ಮಾಡಿ, ಹೆಡ್‌ಲೈಟ್, ಬ್ಲೋವರ್ ಹಾಕಿ, ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. (ಕೆಲವು ಹೊಸ ಮಾದರಿಗಳು ಇಂಧನ ಉಳಿಸಲು ಬೇಕೆಂದೇ ಇದನ್ನು ಏರಿಳಿಸುತ್ತವೆ, ಅಂಥದ್ದಕ್ಕೆ ಈ ಲೆಕ್ಕ ಹೊಂದುವುದಿಲ್ಲ.) ಆಲ್ಟರ್ನೇಟರಿನ ಬೋಲ್ಟಿನಲ್ಲಿ 14.4, ಬ್ಯಾಟರಿಯಲ್ಲಿ 13.4 ಇದ್ದರೆ ನಡುವಿನ ವೈರ್ ಒಂದು ವೋಲ್ಟ್ ನುಂಗುತ್ತಿದೆ. ಹಾಗಿದ್ದರೆ ಹಳೆಯ ಆಲ್ಟರ್ನೇಟರ್ ನಿರಪರಾಧಿ ಆಗಿದ್ದಿರಲೂಬಹುದು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲೇ ಇನ್ನೊಮ್ಮೆ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಿರಬಹುದು. ಅಂಥ ಡಯೋಡ್ ಹಗಲು ಅರೆಬರೆ ಚಾರ್ಜ್ ಮಾಡಿ, ರಾತ್ರಿ ಬ್ಯಾಟರಿಯನ್ನು ಹೀರುವುದೂ ಉಂಟು. ಆದರೆ ಎಂಜಿನ್ ಆಫ್ ಇದ್ದಾಗಲೂ ನಿಮ್ಮ ಮೀಟರ್ ಎಸಿ ವೋಲ್ಟ್ ತೋರಿಸಿದರೆ ಆ ಮೀಟರ್ ಈ ಕೆಲಸಕ್ಕೆ ಬಾರದು.

ಕೋಡುಗಳಿಗೆ ಬರೋಣ. ಸೆಲ್ಫ್ ಹೊಡೆದಾಗ ವೋಲ್ಟೇಜ್ ತೀರಾ ಕುಸಿದರೆ ಗಾಡಿಯ ಕಂಪ್ಯೂಟರುಗಳು ಒಂದೊಂದಾಗಿ ತಲೆತಿರುಗಿ ಬೀಳುತ್ತವೆ. ಎದ್ದ ಮೇಲೆ ಒಂದು ಇನ್ನೊಂದರ ಮೇಲೆ ದೂರು ಬರೆಯುತ್ತದೆ. ಯು ಅಕ್ಷರದಿಂದ ಶುರುವಾಗುವ ಕೋಡುಗಳು ‘ಅವನು ಮಾತಾಡುತ್ತಿಲ್ಲ’ ಎನ್ನುವ ದೂರುಗಳು. ಪಿ0562 ಎಂದರೆ ಸಿಸ್ಟಮ್ ವೋಲ್ಟೇಜ್ ಕಡಿಮೆ. ನಿಮ್ಮ ಏಳೆಂಟರಲ್ಲಿ ಇದು ಇದ್ದರೆ ಮಿಕ್ಕವನ್ನು ಸದ್ಯ ನಂಬಬೇಡಿ. ಮೊದಲು ಅರ್ತ್, ಚಾರ್ಜಿಂಗ್ ಸರಿ ಮಾಡಿ, ಆಮೇಲೆ ಎಲ್ಲ ಅಳಿಸಿ, ಮೊದಲು ಯಾವುದು ವಾಪಸ್ ಬರುತ್ತದೆ ನೋಡಿ. ಮೊದಲು ಬಂದದ್ದೇ ಮುಖ್ಯ. ಸಂಬಂಧವಿಲ್ಲದ ಎರಡು ಮೂರು ಸೆನ್ಸರುಗಳ ಕೋಡ್ ಒಟ್ಟಿಗೆ ಬಂದರೆ ಅವಕ್ಕೆ ಹೋಗುವ 5 ವೋಲ್ಟಿನ ಲೈನ್ ನೋಡಿಸಿ. ಹಲವು ಸೆನ್ಸರುಗಳು ಅದನ್ನು ಹಂಚಿಕೊಂಡಿರುತ್ತವೆ. ಒಂದು ಒಳಗೆ ಶಾರ್ಟ್ ಆದರೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಒಂದೊಂದೇ ಕಪ್ಲರ್ ಕಿತ್ತಾಗ ಯಾವುದಕ್ಕೆ 5 ವೋಲ್ಟ್ ಮರಳಿತೋ ಅದೇ ಅಪರಾಧಿ. ಕ್ಯಾನ್ ಲೈನ್ (ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡುವ ಜೋಡಿ ವೈರ್) ಮೇಲೆ ಅನುಮಾನ ಇದ್ದರೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಾಕೆಟಿನ 6 ಮತ್ತು 14ನೇ ಪಿನ್ ನಡುವೆ ಮೆಕ್ಯಾನಿಕ್ ತಡೆ ಅಳೆಯಲಿ. ಸಾಮಾನ್ಯವಾಗಿ 60 ಓಮ್ ಹತ್ತಿರ ಬರಬೇಕು. 120 ಬಂದರೆ ಲೈನ್ ಎಲ್ಲೋ ಕತ್ತರಿಸಿದೆ.

ಇಸಿಯು ಕೆಡುವುದೇ ಇಲ್ಲ ಅಂತಲ್ಲ. ಕೆಟ್ಟಿದೆ ಎನ್ನುವವರು ಅದಕ್ಕೆ ಬರುವ ಪಾಸಿಟಿವ್ ಮತ್ತು ಅರ್ತ್ ವೈರುಗಳನ್ನು ಎಂಜಿನ್ ಓಡುವಾಗ ಅಳೆದು ತೋರಿಸಬೇಕು. ನಿಮ್ಮ ಮೆಕ್ಯಾನಿಕ್‌ಗೆ ಇದನ್ನೇ ಮರ್ಯಾದೆಯಿಂದ ಕೇಳಿ. ಹೊಸ ಇಸಿಯು ಹಾಕಿದರೆ ಕೀ ಕೋಡಿಂಗ್ ಬೇಕಾಗಬಹುದು, ಹಳೆಯ ಅರ್ತ್ ಹಾಗೇ ಉಳಿದರೆ ಅದಕ್ಕೂ ಅದೇ ಗತಿ.

ಹೊರಗಿನಿಂದ ಹಾಕಿಸಿದ ಸಾಮಾನುಗಳ ಪಟ್ಟಿಯನ್ನೂ ಮಾಡಿ: ಹಾರ್ನ್, ಫಾಗ್ ಲ್ಯಾಂಪ್, ಸೆಂಟ್ರಲ್ ಲಾಕ್, ಕ್ಯಾಮೆರಾ. ಕಂಪನಿಯ ವೈರನ್ನು ಸೀಳಿ ಕಚ್ಚಿಸಿದ ಕ್ಲಿಪ್ಪುಗಳ ಒಳಗೆ ನೀರಿಳಿದು ಹಸಿರಾಗಿರುತ್ತದೆ. 60 ವಾಟ್ ಹೆಡ್‌ಲೈಟ್ ಬಲ್ಬಿನ ಜಾಗಕ್ಕೆ 100 ವಾಟ್ ಹಾಕಿದ್ದರೆ 5ರ ಬದಲು 8 ಆಂಪಿಯರಿಗೂ ಮಿಕ್ಕಿ ಹರಿಯುತ್ತದೆ. ಸ್ವಿಚ್, ಹೋಲ್ಡರ್ ಸುಡುವುದು ಹೀಗೇ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು ಮಾತ್ರ ಬೇಡವೇ ಬೇಡ. ಫ್ಯೂಸ್ ಇರುವುದು ವೈರನ್ನು ಕಾಯಲು, ದೊಡ್ಡದು ಹಾಕಿದರೆ ವೈರೇ ಫ್ಯೂಸಿನ ಕೆಲಸ ಮಾಡುತ್ತದೆ, ಬೆಂಕಿಯೊಂದಿಗೆ.

ರಿಪೇರಿ ಮಾಡುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಅರ್ತ್ ಬೋಲ್ಟ್ ತೆಗೆದು, ರಿಂಗ್ ಮತ್ತು ಬಾಡಿ ಎರಡನ್ನೂ ಹೊಳೆಯುವ ಲೋಹ ಕಾಣುವವರೆಗೆ ತಂತಿ ಬ್ರಶ್ಶಿನಲ್ಲಿ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಹಚ್ಚಿ. ತುಂಡಾದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಆರು ತಿಂಗಳಿಗೆ ಮತ್ತೆ ಬರುತ್ತೀರಿ. ಒಳಮೈಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ಕೊಳವೆ ಹಾಕಿ ಸರಿಯಾಗಿ ಕ್ರಿಂಪ್ ಮಾಡಿಸಿ (ಲೋಹದ ತುಂಡಿನಲ್ಲಿ ಒತ್ತಿ ಸೇರಿಸುವುದು). ಬಾಗಿಲಿನಂತೆ ಬಾಗುವ ಜಾಗದಲ್ಲಿ ಜೋಡಣೆಯನ್ನು ಕೊಳವೆಯ ಹೊರಗೆ ತನ್ನಿ, ಹೊಸ ತುಂಡು ಮೆದು ಎಳೆಗಳದ್ದಿರಲಿ. ಹಳದಿ ಬಣ್ಣದ ಏರ್‌ಬ್ಯಾಗ್ ವೈರುಗಳಿಗೆ ಮೀಟರ್ ಮುಟ್ಟಿಸಬೇಡಿ. ಇಸಿಯು ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ.

ಮಾರುವ ವಿಷಯ. ಕಾರ್ಪೆಟ್ ಎತ್ತಿಸಿ ನೋಡಿ, ಫ್ಯೂಸ್ ಬಾಕ್ಸ್ ಬಿಚ್ಚಿಸಿ ನೋಡಿ. ಕಾರ್ಪೆಟ್ ಕೆಳಗೆ ನೀರು ನಿಂತು ವೈರಿನ ಕಟ್ಟು ಪೂರ್ತಿ ನೆನೆದಿದ್ದರೆ, ಯಾವ ವೈರ್ ಸುಲಿದರೂ ಒಳಗಿನ ತಾಮ್ರ ಕಪ್ಪಾಗಿದ್ದರೆ, ಆಗ ಒಂದು ಸರಿ ಮಾಡಿದರೆ ಇನ್ನೊಂದು ಹೊರಡುತ್ತದೆ. ಅಂಥ ಗಾಡಿಗೆ ದುಡ್ಡು ಸುರಿಯಿರಿ ಎಂದು ನಾನು ಹೇಳಲಾರೆ. ಹಾಗಿಲ್ಲದಿದ್ದರೆ ಇಟ್ಟುಕೊಳ್ಳಿ. ಮೊದಲು ಅರ್ತ್ ಪಟ್ಟಿ ಮತ್ತು ಟರ್ಮಿನಲ್, ಆಮೇಲೆ ಹಿಂದಿನ ಲೈಟಿನ ಅರ್ತ್, ಬಾಗಿಲಿನ ವೈರ್. ಇಷ್ಟಾದ ಮೇಲೆ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇದ್ದ ಬ್ಯಾಟರಿ ಸಣ್ಣ ಓಡಾಟಕ್ಕೆ ತುಂಬುವುದಿಲ್ಲ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6 ನಿಂತಿದ್ದರೆ ಕೋಡ್ ಅಳಿಸಿ ಓಡಿಸಿ. 12.2ಕ್ಕೆ ಇಳಿದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಇನ್ನೊಂದು ರಾತ್ರಿ ನೋಡಿ. ಆಗಲೂ ಇಳಿದರೆ ಈ ಬ್ಯಾಟರಿಯೂ ಹಾಳಾಗಿದೆ, ಇಳಿಯದಿದ್ದರೆ ಫ್ಯೂಸಿನ ಮಿಲಿವೋಲ್ಟ್ ಪರೀಕ್ಷೆಗೆ ಕೂರಿ.